ಆಸ್ಪತ್ರೆ ಕೆಲಸ, ಗಾಂಜಾ, ಡ್ರಗ್ ಟೆಸ್ಟ್: ಅಮೆರಿಕದಲ್ಲಿ ಏನೇನು ನೋಡಿಕೊಳ್ಳಬೇಕು

ಇಲ್ಲಿ ಅಮೆರಿಕದಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಮ್ಮ ರಾಜ್ಯದಲ್ಲಿ ಗಾಂಜಾ ಲೀಗಲ್ ಅಲ್ವಾ, ಟೆಸ್ಟಲ್ಲಿ ಬಂದ್ರೆ ಏನಾಗತ್ತೆ?" ಕೆಲಸ ಹೋಗಬಹುದು. ಲೀಗಲ್ ಅಂದರೆ ಪೊಲೀಸರು ಹಿಡಿಯುವುದಿಲ್ಲ ಅಂತ. ಆಸ್ಪತ್ರೆಯವರು ಬಿಡ್ತಾರೆ ಅಂತಲ್ಲ.

ಕೊಲರಾಡೋ 2012ರಲ್ಲೇ ಮತ ಹಾಕಿ ಗಾಂಜಾಕ್ಕೆ ಒಪ್ಪಿಗೆ ಕೊಟ್ಟ ರಾಜ್ಯ. ಅಲ್ಲಿ ಮೆಡಿಕಲ್ ಕಾರ್ಡ್ (ಕಾಯಿಲೆಗೆ ಗಾಂಜಾ ಬಳಸಲು ರಾಜ್ಯ ಕೊಡುವ ಅನುಮತಿ) ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಮನೆಯಲ್ಲಿ ಬಳಸಿದವರೊಬ್ಬರನ್ನು ಕಂಪನಿ ಕೆಲಸದಿಂದ ತೆಗೆಯಿತು. 2015ರಲ್ಲಿ ಅದೇ ರಾಜ್ಯದ ಸುಪ್ರೀಂ ಕೋರ್ಟ್ ಕಂಪನಿ ಪರವಾಗಿಯೇ ತೀರ್ಪು ಕೊಟ್ಟಿತು. ಕಾರಣ, ಫೆಡರಲ್ ಅಂದರೆ ಕೇಂದ್ರದ ಕಾನೂನಿನಲ್ಲಿ ಅದು ಅಪರಾಧ.

ಎಲ್ಲ ಕಡೆ ಹೀಗೇ ಅಂತಲೂ ಇಲ್ಲ. ನ್ಯೂಯಾರ್ಕ್ 2021ರಲ್ಲಿ ಕಾನೂನು ತಿದ್ದಿ, ಡ್ಯೂಟಿ ಹೊರಗೆ ಸೇದಿದವರಿಗೆ ರಕ್ಷಣೆ ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ, ಮೈಯಲ್ಲಿ ಉಳಿದಿರುವ ಹಳೆಯ ಕುರುಹು ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ಶಿಕ್ಷೆ ಕೊಡುವಂತಿಲ್ಲ. ಆದರೆ ಫೆಡರಲ್ ನಿಯಮದಡಿ ಮಾಡುವ ಟೆಸ್ಟ್‌ಗೆ ಈ ವಿನಾಯಿತಿ ನಡೆಯುವುದಿಲ್ಲ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳು ನೇರ ಫೆಡರಲ್ ಸರ್ಕಾರದವು, ಅಲ್ಲಿ ರಾಜ್ಯದ ಕಾನೂನು ಹಿಡಿದುಕೊಂಡು ಹೋದರೆ ಪ್ರಯೋಜನ ಇಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ಮೇಲೆ ಯಾರ್ಯಾರ ನಿಯಮ ಇದೆ ಅಂತ ಬರೆದಿಟ್ಟುಕೊಳ್ಳಿ. ಕಾಲೇಜಿನ ಹ್ಯಾಂಡ್‌ಬುಕ್, ಕ್ಲಿನಿಕಲ್‌ಗೆ (ರೋಗಿಗಳ ಜೊತೆ ಮಾಡುವ ತರಬೇತಿಗೆ) ಕಳಿಸುವ ಆಸ್ಪತ್ರೆ, ಆಫರ್ ಲೆಟರ್, ಲೈಸೆನ್ಸ್ ಕೊಡುವ ರಾಜ್ಯದ ನರ್ಸಿಂಗ್ ಬೋರ್ಡ್. ಕಾಲೇಜು ಸುಮ್ಮನಿದ್ದರೂ ಕ್ಲಿನಿಕಲ್ ಆಸ್ಪತ್ರೆ ಒಲ್ಲೆ ಅಂದರೆ ತರಬೇತಿಯ ಗಂಟೆಗಳು ಭರ್ತಿಯಾಗುವುದಿಲ್ಲ, ಗಂಟೆ ಇಲ್ಲದೆ ಡಿಗ್ರಿ ಇಲ್ಲ. ಇದು ಜಾಸ್ತಿ ಜನಕ್ಕೆ ಹೊಳೆಯುವುದೇ ಇಲ್ಲ.

ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ ಇನ್ನೊಂದು ಕಂಟಕ ಇದೆ. ಗಾಂಜಾ ಬಳಸಿದ್ದೇನೆ ಅಂತ ಒಪ್ಪಿಕೊಂಡರೆ, ರಾಜ್ಯದಲ್ಲಿ ಲೀಗಲ್ ಆಗಿದ್ದರೂ, ವಲಸೆ ಕಾನೂನಿನಲ್ಲಿ ತೊಂದರೆಯಾಗಬಹುದು. ಪೌರತ್ವದ ಅರ್ಜಿಗೂ ಇದು ಅಡ್ಡ ಬರಬಹುದು ಅಂತ ವಲಸೆ ಇಲಾಖೆ 2019ರಲ್ಲಿ ಬರೆದೇ ಹೇಳಿದೆ. ಮೆಡಿಕಲ್ ಕಾರ್ಡ್ ಮಾಡಿಸುವ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಸಲ ಮಾತಾಡಿ. ಗೆಳೆಯರ ಹತ್ತಿರ ಅಲ್ಲ.

ಇನ್ನು ಟೆಸ್ಟ್. ಮೂತ್ರದ ಪರೀಕ್ಷೆ ನೀವು ಈಗ ಅಮಲಿನಲ್ಲಿದ್ದೀರಾ ಅಂತ ನೋಡುವುದಿಲ್ಲ. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ, ಅದು ಕೊಬ್ಬಿನಲ್ಲಿ ಹೋಗಿ ಕೂರುತ್ತದೆ, ನಿಧಾನಕ್ಕೆ ಒಡೆದು ಹೊರಗೆ ಬರುತ್ತದೆ, ಹಾಗೆ ಒಡೆದು ಬಂದದ್ದನ್ನೇ ಲ್ಯಾಬ್ ಹುಡುಕುವುದು. ಸಾಮಾನ್ಯವಾಗಿ ಮೊದಲ ಸುತ್ತಿನ ಗಡಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ, ಖಚಿತಪಡಿಸುವ ಎರಡನೇ ಸುತ್ತಿನದು 15. ಯಾವಾಗಲೋ ಒಮ್ಮೆ ಸೇದಿದವರಿಗೆ ಮೂರು ನಾಲ್ಕು ದಿನ, ದಿನಾ ಸೇದುವವರಿಗೆ 30 ದಿನ ದಾಟಿಯೂ ಬರಬಹುದು. ಕೂದಲ ಪರೀಕ್ಷೆ ಸುಮಾರು 90 ದಿನ ಹಿಂದಕ್ಕೆ ಹೋಗುತ್ತದೆ. ಓದಲು ಸೇರುವ ಯೋಚನೆ ಇದ್ದರೆ ತಿಂಗಳುಗಳ ಮುಂಚೆಯೇ ಪೂರ್ತಿ ಬಿಟ್ಟುಬಿಡಿ, ಬೇರೆ ಉಪಾಯ ಇಲ್ಲ.

ಗಾಂಜಾ ಜಾತಿಯ ಗಿಡದಿಂದಲೇ ಮಾಡುವ ಸಿಬಿಡಿ ಎಣ್ಣೆ, ಡೆಲ್ಟಾ-8 ಗಮ್ಮಿ (ಅಗಿಯುವ ಮಿಠಾಯಿ) ಇವೂ ಬೇಡ. 2018ರ ಫೆಡರಲ್ ಕಾನೂನು ಇಂಥವುಗಳಲ್ಲಿ 0.3 ಪರ್ಸೆಂಟ್ ತನಕ ಟಿಎಚ್‌ಸಿ ಇರಲು ಬಿಟ್ಟಿತು, ದಿನಾ ತೆಗೆದುಕೊಂಡರೆ ಪಾಸಿಟಿವ್ ಬರಲು ಅಷ್ಟೇ ಸಾಕಾಗಬಹುದು. ಬಾಟಲಿ ಮೇಲೆ ಏನು ಬರೆದಿತ್ತು ಅಂತ ಲ್ಯಾಬ್‌ನವರು ಕೇಳುವುದಿಲ್ಲ.

ಟೆಸ್ಟ್ ದಿನ ಐಡಿ ಬೇಕು. ಜೇಬು ಖಾಲಿ ಮಾಡಿಸುತ್ತಾರೆ, ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಕಪ್ಪಿನ ಪಕ್ಕದಲ್ಲಿ ಮೂತ್ರದ ಬಿಸಿ ಅಳೆಯುವ ಒಂದು ಪುಟ್ಟ ಪಟ್ಟಿ ಇರುತ್ತದೆ. ನಾಲ್ಕು ನಿಮಿಷದೊಳಗೆ ಅದು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ನಾನು ಮೊದಲ ಸಲ ಹೋದಾಗ ಮೂತ್ರ ಬರದೇ ಹೋದರೆ ಅನ್ನುವ ಹೆದರಿಕೆಗೆ ಎರಡು ದೊಡ್ಡ ಬಾಟಲಿ ನೀರು ಕುಡಿದಿದ್ದೆ, ಸ್ಯಾಂಪಲ್ ನೀರಾಗಿದೆ ಅಂತ ರಿಪೋರ್ಟ್ ಬಂತು, ಮತ್ತೆ ಕೊಡಬೇಕಾಯಿತು, ಒಂದು ವಾರ ಕ್ಲಿನಿಕಲ್ ತಪ್ಪಿತು. ಏನೂ ಮಾಡದವಳು ಕಳ್ಳಿಯ ಹಾಗೆ ಕೂತಿದ್ದೆ! ಮಾಮೂಲಿಯಾಗಿ ಎಷ್ಟು ಕುಡಿಯುತ್ತೀರೋ ಅಷ್ಟೇ ಕುಡಿಯಿರಿ. ಬೇರೆಯವರ ಮೂತ್ರ, ಡಿಟಾಕ್ಸ್ ಪಾನೀಯ ಇದೆಲ್ಲ ದುಡ್ಡು ದಂಡ, ಮೇಲಾಗಿ ಮೋಸ ಅಂತ ಬೋರ್ಡಿಗೆ ಹೋದರೆ ಪಾಸಿಟಿವ್‌ಗಿಂತ ಕೆಟ್ಟದ್ದು.

ಆಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಿ. ಪಾಸಿಟಿವ್ ಬಂದಾಗ ಫಲಿತಾಂಶ ಪರಿಶೀಲಿಸುವ, ಎಂಆರ್‌ಒ ಅನ್ನುವ ಡಾಕ್ಟರ್ ಮೊದಲು ನಿಮ್ಮನ್ನೇ ಕೇಳುತ್ತಾರೆ. ಡ್ರೊನಾಬಿನಾಲ್‌ನಂಥ, ಟಿಎಚ್‌ಸಿ ಇರುವ ಮಾತ್ರೆಗೆ ಡಾಕ್ಟರ್ ಚೀಟಿ ಇದ್ದರೆ ಆಗ ತೋರಿಸಿ. ಫೆಡರಲ್ ಟೆಸ್ಟ್‌ನಲ್ಲಿ ಗಾಂಜಾ ಕಾರ್ಡ್ ಲೆಕ್ಕಕ್ಕಿಲ್ಲ. ಫಲಿತಾಂಶ ತಪ್ಪು ಅನ್ನಿಸಿದರೆ ಅದೇ ಸ್ಯಾಂಪಲ್‌ನಿಂದ ತೆಗೆದಿಟ್ಟ ಎರಡನೇ ಬಾಟಲಿಯ ಪರೀಕ್ಷೆ ಕೇಳಬಹುದು, ಫೆಡರಲ್ ನಿಯಮದಲ್ಲಿ ಅದಕ್ಕೆ 72 ಗಂಟೆ ಗಡುವು.

ಬಿಡಲು ಆಗುತ್ತಲೇ ಇಲ್ಲ ಅನ್ನುವವರು ಸಿಕ್ಕಿಬೀಳುವ ತನಕ ಕಾಯಬೇಡಿ. ಫ್ಲೋರಿಡಾದಲ್ಲಿ ಐಪಿಎನ್ (IPN), ಟೆಕ್ಸಸ್‌ನಲ್ಲಿ ಟಿಪಿಎಪಿಎನ್ (TPAPN) ಥರದ, ಚಟದಲ್ಲಿ ಸಿಕ್ಕ ನರ್ಸ್‌ಗಳಿಗೆ ನೆರವಾಗುವ ಕಾರ್ಯಕ್ರಮಗಳಿವೆ, ನೀವಾಗಿಯೇ ಹೋಗಿ ಸೇರಬಹುದು. ಸಲೀಸೇನಲ್ಲ. ಇಂಥ ಕಡೆ ಬೆಳಿಗ್ಗೆ ಎದ್ದು ಇವತ್ತು ಟೆಸ್ಟ್ ಸರದಿ ನನ್ನದಾ ಅಂತ ನೋಡಬೇಕಾಗುತ್ತದೆ, ಅದೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಆದರೆ ಲೈಸೆನ್ಸ್ ಉಳಿಸಿಕೊಂಡು ಮತ್ತೆ ವಾರ್ಡಿಗೆ ಬಂದವರು ಬಹಳ ಮಂದಿ ಇದ್ದಾರೆ.