ಚೀನೀ ಮಾತು ಕಲಿಸುತ್ತೀರಾ? ಜೋಡಿಯಾಗಿ ಕಲಿಸಿ

ಚೀನೀ ಭಾಷೆ, ಅಂದರೆ ಮ್ಯಾಂಡರಿನ್ ಕಲಿಯಲು ಬಂದವರ ಕೈಗೆ ಮೊದಲ ದಿನವೇ ಉದ್ದದ ವಾಕ್ಯಪಟ್ಟಿ ಕೊಡಬೇಡಿ. ಪಟ್ಟಿ ಬಾಯಿಪಾಠ ಮಾಡಿದವರು ಥ್ಯಾಂಕ್ಸ್ ಹೇಳಬಲ್ಲರು. ಎದುರಿನವರೇ ಥ್ಯಾಂಕ್ಸ್ ಹೇಳಿದರೆ ಮಾತ್ರ ಸುಮ್ನೆ ನಿಂತುಬಿಡುತ್ತಾರೆ. ಹಾಗಾಗಿ ಮಾತು ಮತ್ತು ಮರುಮಾತು ಎರಡನ್ನೂ ಒಟ್ಟಿಗೆ ಕಲಿಸಬೇಕು.

ಮೊದಲು ಕಿವಿ

ಮೊದಲ ತರಗತಿಯಲ್ಲಿ ಬರೆಸಬೇಡಿ, ಬರೀ ಕೇಳಿಸಿ. ಈ ಭಾಷೆಯಲ್ಲಿ ಸ್ವರ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಮಾ’ ಎನ್ನುವುದನ್ನು ಮೇಲಿನ ಸ್ವರದಲ್ಲಿ ಸಮವಾಗಿ ಎಳೆದರೆ ಅಮ್ಮ. ‘ಆಂ?’ ಎಂದು ಕೇಳುವ ಹಾಗೆ ಏರಿಸಿದರೆ ಸೆಣಬಿನ ಗಿಡ. ಕೆಳಗಿಳಿಸಿ ತಗ್ಗಿನಲ್ಲಿ ಹಿಡಿದರೆ ಕುದುರೆ. ಗದರಿದ ಹಾಗೆ ಬೀಳಿಸಿದರೆ ಬೈಗುಳ. ಹೇಳುವಾಗಲೇ ಕೈಯಿಂದ ಗಾಳಿಯಲ್ಲಿ ಆ ಗೆರೆ ಎಳೆಸಿ.

ಇದಾದ ಮೇಲೆ ‘ನೀ ಹಾವ್’, ಅಂದರೆ ನಮಸ್ಕಾರ. ಇದರ ಎರಡೂ ಪದಗಳು ತಗ್ಗಿನ ಮೂರನೇ ಸ್ವರದವು. ಅಂಥ ಎರಡು ಅಕ್ಕಪಕ್ಕ ಬಂದರೆ ಮೊದಲನೆಯದು ಏರುಸ್ವರವಾಗುತ್ತದೆ. ನಿಯಮ ವಿವರಿಸುತ್ತಾ ಕೂರಬೇಡಿ. ಕೈ ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಹತ್ತು ಸಲ ಮಾಡಿಸಿದರೆ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ.

ಕನ್ನಡದವರಿಗೆ ಒಂದು ಅನುಕೂಲ

1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಪದ್ಧತಿಯಲ್ಲಿ ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನು ಇಂಗ್ಲಿಷಿನಂತೆ ಓದಿದರೆ ಕೆಟ್ಟಿತು. ಅಲ್ಲಿನ ‘ಜಿ’ ಅಕ್ಷರ ನಮ್ಮ ಕ, ‘ಕೆ’ ನಮ್ಮ ಖ. ಹಾಗೆಯೇ ‘ಬಿ’ ನಮ್ಮ ಪ, ‘ಪಿ’ ಉಸಿರು ಸೇರಿದ ಪ. ಅಲ್ಪಪ್ರಾಣ, ಮಹಾಪ್ರಾಣ ಶಾಲೆಯಲ್ಲೇ ಕಲಿತಿದ್ದೇವಲ್ಲ, ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಬಾಯಿ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸಿ. ‘ಪಿ’ಗೆ ಕಾಗದ ಅಲ್ಲಾಡಬೇಕು, ‘ಬಿ’ಗೆ ಅಲ್ಲಾಡಬಾರದು.

ಇನ್ನು ಜೋಡಿಗಳು

‘ಶಿಯೆ-ಶಿಯೆ’ ಅಂದರೆ ಥ್ಯಾಂಕ್ಸ್. ಅದರ ಜೊತೆಗೇ ‘ಪು ಖ-ಛಿ’, ಪರವಾಗಿಲ್ಲ ಬಿಡಿ ಎನ್ನುವ ಮಾತು. ಕ್ಷಮೆ ಕೇಳುವುದರಲ್ಲಿ ಎರಡು ಬಗೆ. ನಿಜವಾದ ತಪ್ಪಿಗೆ ‘ತ್ವೇ-ಪು-ಛಿ’. ಬಸ್ಸಿನಲ್ಲಿ ದಾರಿ ಬಿಡಿಸಿಕೊಳ್ಳಲು, ಐದು ನಿಮಿಷ ತಡವಾಗಿದ್ದಕ್ಕೆ ‘ಪು ಹಾವ್ ಈ-ಸ’ ಸಾಕು. ಎರಡಕ್ಕೂ ‘ಮೇ ಕ್ವಾನ್-ಶಿ’ ಎಂದರೆ ಆಯಿತು.

‘ಛಿ ಲ ಮಾ?’ ನಮ್ಮವರಿಗೆ ಕೂಡಲೇ ಹಿಡಿಸುತ್ತದೆ. ಅದು ನಮ್ಮ ‘ಊಟ ಆಯ್ತಾ?’ ಇದ್ದಂತೆ. ಹಿರಿಯರ ಬಾಯಲ್ಲಿ ಜಾಸ್ತಿ. ‘ಛಿ ಲ’ (ಆಯ್ತು) ಎಂದು ಮುಂದೆ ಹೋಗಬಹುದು, ಏನು ತಿಂದೆವೆಂದು ವರದಿ ಬೇಕಿಲ್ಲ.

ಯಾರಿಗೆ ಯಾವ ಮಾತು ಎಂಬುದನ್ನೂ ಜೊತೆಗೇ ಹೇಳಿಕೊಡಿ. ಗೌರವ ತೋರಿಸಬೇಕಾದಲ್ಲಿ ‘ನೀ’ (ನೀನು) ಬದಲು ‘ನಿನ್’ (ನೀವು), ವಿಶೇಷವಾಗಿ ಬೀಜಿಂಗ್ ಕಡೆ. ಮನೆತನದ ಹೆಸರು ಮೊದಲು, ಗೌರವದ ಪದ ಆಮೇಲೆ. ವಾಂಗ್ ಎಂಬ ಮೇಷ್ಟ್ರು ‘ವಾಂಗ್ ಲಾವ್-ಷಿ’. ತೀರಾ ಹತ್ತಿರದವರಿಗೆ ಮಾತುಮಾತಿಗೂ ‘ಶಿಯೆ-ಶಿಯೆ’ ಎಂದರೆ ದೂರ ಇಟ್ಟಂತೆ ಕೇಳಿಸುತ್ತದೆ. ನಮ್ಮಲ್ಲೂ ಅಮ್ಮ ಬಡಿಸಿದಾಗ ಥ್ಯಾಂಕ್ಸ್ ಹೇಳುವುದಿಲ್ಲ, ಅಲ್ವಾ?

ಬೀಳ್ಕೊಡುಗೆಯ ನಾಟಕ

ಬರೀ ‘ತ್ಸಾಯ್-ಚಿಯೆನ್’ (ಮತ್ತೆ ಸಿಗೋಣ) ಕಲಿಸಿ ಮುಗಿಸಬೇಡಿ. ಇಬ್ಬರನ್ನು ಬಾಗಿಲ ಬಳಿ ನಿಲ್ಲಿಸಿ. ಅತಿಥಿ ‘ವೋ ಶಿಯೆನ್ ತ್ಸೋ ಲ’ (ನಾನಿನ್ನು ಹೊರಡ್ತೀನಿ) ಎನ್ನಲಿ. ಮನೆಯವರು ‘ಮಾನ್ ತ್ಸೋ’ (ನಿಧಾನವಾಗಿ ಹೋಗಿ) ಎನ್ನುತ್ತಾ ಹೊರಗಿನವರೆಗೂ ಬರಲಿ. ಅತಿಥಿ ‘ಪಿಯೆ ಸೊಂಗ್ ಲ’ (ಬಿಡೋಕೆ ಬರಬೇಡಿ) ಎಂದು ತಡೆಯಲಿ. ಆದರೂ ಮನೆಯವರು ನಾಲ್ಕು ಹೆಜ್ಜೆ ಮುಂದೆ ಬರಲಿ. ಆಮೇಲೆ ಪಾತ್ರ ಬದಲಿಸಿ. ಮೂರನೇ ಸಲ ಆಡಿಸುವಾಗ ಕೈಯಲ್ಲಿನ ಚೀಟಿ ತೆಗೆದುಕೊಳ್ಳಿ, ಸ್ವರ ತಪ್ಪಿದರೂ ನಡುವೆ ತಡೆಯಬೇಡಿ. ತಿದ್ದುವುದನ್ನೆಲ್ಲ ಬರೆದಿಟ್ಟುಕೊಂಡು ಆಟ ಮುಗಿದ ಮೇಲೆ ಹೇಳಿ.