ಡೆಪಾಸಿಟ್ ಇಟ್ಟೆ, ಬೆಂಗ್ರೆಯ ಮರಳಿನಲ್ಲಿ ಬಾಟಲಿ ಕಡಿಮೆಯಾಯಿತು

ಉಡುಪಿ ಬಳಿಯ ಕೋಡಿಬೆಂಗ್ರೆಯ ಕಡೆ ಹೋಂಸ್ಟೇ ನಡೆಸುವವರಿಗೆ ಕಸದ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಒಂದು ರಸ್ತೆ. ಬಾಟಲಿ ಎಲ್ಲಿ ಬಿಸಾಡಿದರೂ ಮಳೆಗಾಲಕ್ಕೆ ಅದು ನೀರಿಗೇ. ಸುವರ್ಣೆ, ಸೀತೆ ಎರಡೂ ಹೊಳೆಗಳು ಇಲ್ಲಿಯೇ ಕಡಲು ಸೇರುವುದರಿಂದ ಮೇಲಿನ ಊರುಗಳ ಕಸವೂ ನಮ್ಮ ಪಾಲಿಗೆ ಬರುತ್ತದೆ. ಅದು ನನ್ನ ಕೈಯಲ್ಲಿಲ್ಲ. ನನ್ನ ನಾಲ್ಕು ರೂಮಿನದ್ದು ನನ್ನ ಕೈಯಲ್ಲಿದೆ ಅಲ್ವಾ, ಅಷ್ಟಕ್ಕೆ ಹೊರಟೆ. ಬರುವವರಿಂದ ಡೆಪಾಸಿಟ್ ಇಟ್ಟುಕೊಳ್ಳುವುದು, ತಂದ ಬಾಟಲಿ ಹೊರಡುವಾಗ ಒಪ್ಪಿಸಿದರೆ ದುಡ್ಡು ವಾಪಸ್. ‘ಕಸಕ್ಕೆ ಡೆಪಾಸಿಟ್ ಕೇಳಿದರೆ ಒಂದು ಗಿರಾಕಿಯೂ ಬರಲಿಕ್ಕಿಲ್ಲ’ ಅಂತ ಪರಿಚಯದ ಹೋಂಸ್ಟೇಯವರೆಲ್ಲ ಹೇಳಿದ್ದರು. ಬರುತ್ತಿದ್ದಾರೆ. ಈಗ ಸೀಸನ್‌ನಲ್ಲಿ ಶನಿವಾರ ರೂಮ್ ಖಾಲಿ ಇರುವುದೇ ಅಪರೂಪ.

ಮೊದಲು ಬೋರ್ಡ್ ಹಾಕಿದ್ದೆ. ಮೂರು ಭಾಷೆಯಲ್ಲಿ. ನಾಲ್ಕೈದು ಸಾವಿರ ಹೋಯಿತು. ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು, ಇದ್ದಾಗಲೂ ಯಾರೂ ಓದಲಿಲ್ಲ. ಆಮೇಲೆ ಡಬ್ಬಿಗಳು, ಹಸಿಗೆ ಒಂದು, ಒಣಕ್ಕೆ ಒಂದು. ಕಸದ ಗಾಡಿ ಬರುವುದರೊಳಗೆ ನಾಯಿ, ಕಾಗೆ ಎಲ್ಲ ಸೇರಿ ಭಾನುವಾರದ ಕಸವನ್ನು ರಸ್ತೆಗೆ ಹರಡುತ್ತಿದ್ದವು. ನೆರೆಯವರ ಬೈಗಳು ನನಗೆ. ಮತ್ತೆ ದಂಡ ಅಂತ ಶುರು ಮಾಡಿದೆ. ಅದು ಎಲ್ಲಕ್ಕಿಂತ ದುಬಾರಿಯಾಯಿತು. ಹೊರಡುವ ಹೊತ್ತಿಗೆ ‘ನಮ್ಮ ಬಾಟಲಿ ಅಂತ ಏನು ಸಾಕ್ಷಿ?’ ಅಂತ ಕೇಳುತ್ತಾರೆ. ಸಾಕ್ಷಿ ಇಲ್ಲ. ಜಗಳ ಬೇರೆ, ಮನೆಗೆ ಹೋಗಿ ಒಂದೇ ಸ್ಟಾರ್ ಕೊಡುವುದು ಬೇರೆ. ಆ ವರ್ಷ ಸುಮಾರು ಮೂವತ್ತು ಸಾವಿರದ ಬುಕಿಂಗ್ ಕೈತಪ್ಪಿರಬಹುದು.

ದಾರಿ ಸಿಕ್ಕಿದ್ದು ಊಟಿಯಲ್ಲಿ. ನೀಲಗಿರಿಯ ಸರಕಾರಿ ಮದ್ಯದಂಗಡಿಗಳಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಜಾಸ್ತಿ ಹಿಡಿದುಕೊಂಡು, ಖಾಲಿ ಬಾಟಲಿ ತಂದರೆ ಅದನ್ನು ವಾಪಸ್ ಕೊಡುತ್ತಾರೆ. ಆದರೆ ಅಲ್ಲಿ ಮಾರುವವನೇ ವಾಪಸ್ ತಗೊಳ್ಳುವವನು. ನಮ್ಮಲ್ಲಿ ಹಾಗಲ್ಲ. ಜನ ಮಲ್ಪೆಯಲ್ಲೋ ಸಂತೆಕಟ್ಟೆಯಲ್ಲೋ ಕೊಂಡು ಡಿಕ್ಕಿಯಲ್ಲಿ ತುಂಬಿಸಿ ತರುತ್ತಾರೆ. ಹಾಗಾಗಿ ಗುರುತು ನಾನೇ ಹಾಕಬೇಕಾಯಿತು. ಬಂದ ಕೂಡಲೇ ಡಿಕ್ಕಿ ಬಳಿಯೇ ಬಾಟಲಿ, ದೊಡ್ಡ ಚಿಪ್ಸ್ ಪ್ಯಾಕೆಟ್ ಎಲ್ಲ ಎಣಿಸಿ, ಕೆಂಪು ಇನ್ಸುಲೇಶನ್ ಟೇಪು ಸುತ್ತಿ, ಮಾರ್ಕರಿನಲ್ಲಿ ರೂಮ್ ನಂಬರ್ ಬರೆಯುತ್ತೇನೆ. ಟೇಪನ್ನು ಲೇಬಲ್ ಮೇಲೆ ಹಾಕಬೇಡಿ. ಐಸಿನಲ್ಲಿಟ್ಟರೆ ಲೇಬಲ್ ಸಮೇತ ಕಿತ್ತು ಬರುತ್ತದೆ. ಮುಚ್ಚಳದ ಕೆಳಗೆ, ಕುತ್ತಿಗೆಗೆ ಎರಡು ಸುತ್ತು ಎಳೆದು ಹಾಕಿದರೆ ಉಪ್ಪುನೀರಿನಲ್ಲಿ ತಿಂಗಳಿದ್ದರೂ ಬಿಡುವುದಿಲ್ಲ. ಮರಳಿನಲ್ಲಿ ಸಿಕ್ಕಿದರೆ ಯಾರದ್ದು ಅಂತ ಅದೇ ಹೇಳುತ್ತದೆ. ಒಂದು ಟೇಪಿಗೆ ಹತ್ತಿಪ್ಪತ್ತು ರೂಪಾಯಿ, ಅಷ್ಟೇ ಖರ್ಚು.

ಡೆಪಾಸಿಟ್ ಎಷ್ಟು ಅನ್ನುವುದಕ್ಕೆ ತುಂಬ ತಲೆ ಕೆಡಿಸಿಕೊಂಡೆ. 200 ಇಟ್ಟಾಗ ‘ಇಟ್ಟುಕೊಳ್ಳಿ’ ಅಂತ ಹೋಗುತ್ತಿದ್ದರು. 1000 ಅಂದರೆ ಗೇಟಿನಲ್ಲೇ ಮುಖ ದಪ್ಪ. ರೂಮಿಗೆ 500 ಸರಿಯಾಗಿ ಕೂತಿತು. ಅದೂ ನೋಟು, ಯುಪಿಐ ಬೇಡ. ಅವರದೇ ನೋಟನ್ನು ಅವರೆದುರೇ ಕವರಿಗೆ ಹಾಕಿ, ರೂಮಿನ ಕೀ ತೂಗುಹಾಕುವ ಮೊಳೆಗೆ ಸಿಕ್ಕಿಸುತ್ತೇನೆ. ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತಿರಬೇಕು.

ಇಷ್ಟಾದರೂ ಸಣ್ಣ ಜಗಳ ನಿಂತಿರಲಿಲ್ಲ. ನಿಂತದ್ದು ಆ ದುಡ್ಡು ನನ್ನ ಜೇಬಿಗೆ ಬರುವುದನ್ನು ನಿಲ್ಲಿಸಿದ ಮೇಲೆ. ನಮ್ಮ ಹಿಂದಿನ ಮನೆಯ ಹೆಂಗಸರು ಹೊಳೆಯಲ್ಲಿ ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕುವವರು. ಒಡೆದ ಬಾಟಲಿಯಿಂದ ಕಾಲು ಕೊಯ್ದುಕೊಳ್ಳುವವರು ಅವರೇ. ವಾಪಸ್ ಬಾರದ ಪ್ರತಿ ಬಾಟಲಿಗೆ 50 ರೂಪಾಯಿಯಂತೆ ಆ ಕವರಿನಿಂದ ಅವರಿಗೆ ಹೋಗುತ್ತದೆ. ಹೊರಡುವಾಗ ಎಣಿಸುವವರೂ ಅವರಲ್ಲೇ ಒಬ್ಬರು. ಅವರೆದುರು ಯಾರೂ ಸಾಕ್ಷಿ ಕೇಳುವುದಿಲ್ಲ. ಎಣಿಸಲಿಕ್ಕೆ ನಾನು ಅವರಿಗೆ ಬೇರೆ ಸಂಬಳ ಕೊಡುತ್ತೇನೆ, ಇಲ್ಲದಿದ್ದರೆ ಬಾಟಲಿ ಬಾರದಿದ್ದರೇ ಲಾಭ ಅಂತಾಗುತ್ತದೆ. ಈಗ ಹತ್ತರಲ್ಲಿ ಒಂಬತ್ತು ಬಾಟಲಿ ವಾಪಸ್ ಬರುತ್ತಿವೆ ಅಂತ ನನ್ನ ಅಂದಾಜು. ಗಿರಾಕಿ ಕಾರಿನಿಂದ ಇಳಿದ ಮೊದಲ ಎರಡು ನಿಮಿಷದಲ್ಲಿ ನಾನು ಏನು ಮಾತಾಡಿ ಡಿಕ್ಕಿ ತೆರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಂಡವಾಳ.

ನೀರಿನದ್ದು ಬೇರೆ ತಲೆನೋವು. ನೀರಿನ ಬಾಟಲಿ ತರಬೇಡಿ ಅಂದರೆ ಕುಡಿಯಲು ನಾವು ಕೊಡಬೇಕಲ್ಲ. ಮಾರ್ಚ್ ಕೊನೆಗೆ ನಮ್ಮ ಬಾವಿ ಉಪ್ಪಾಗುತ್ತದೆ. ಆರ್‌ಒ ಹಾಕಿದರೆ ಇದ್ದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಹೋಗುತ್ತಿತ್ತು, ತೆಗೆಸಿದೆ. ಈಗ ಮಳೆ ಬರುವವರೆಗೆ 20 ಲೀಟರಿನ ಕ್ಯಾನ್. ಜೊತೆಗೆ ಸ್ಟೀಲ್ ಬಾಟಲಿ ಎರಡು ಡಜನ್ ತಂದೆ, ಒಂದಕ್ಕೆ 250ರ ಹತ್ತಿರ. ಕೆಲವು ಕಾಣೆಯಾದವು. ಹೆಸರು ಕೆತ್ತಿಸಿದರೆ ಉಳಿಯಬಹುದು ಅಂದುಕೊಂಡೆ, ಇನ್ನೂ ಜಾಸ್ತಿ ಹೋದವು, ನೆನಪಿಗೆ ಅಂತ! ಈಗ 400ಕ್ಕೆ ಮಾರುತ್ತೇನೆ. ಕ್ಯಾನಿನ ಖರ್ಚು ಹೆಚ್ಚುಕಡಿಮೆ ಅದರಲ್ಲೇ ಹುಟ್ಟುತ್ತದೆ.

ಇದರ ನಡುವೆ ಇನ್ನೊಂದು ಪ್ರಯೋಗ ಆಯಿತು. ಬಾಟಲಿ ಎಣಿಸುವಾಗ ಆ ಹೆಂಗಸರ ಪರಿಚಯವಾದ ಗಿರಾಕಿಗಳು ‘ನಾವೂ ಮರುವಾಯಿ ಹೆಕ್ಕಲು ಬರಬಹುದಾ’ ಅಂತ ಕೇಳತೊಡಗಿದರು. ಇಳಿತದ ಹೊತ್ತಿಗೆ, ಸೊಂಟದ ಮಟ್ಟದ ನೀರಿನಲ್ಲಿ, ಕಾಲಿನಲ್ಲೇ ತಡಕಬೇಕು. ಒಂದು ಸಲಕ್ಕೆ ಮೂವರೇ. ಜಾಸ್ತಿ ಜನ ಇಳಿದರೆ ಕೆಸರೆದ್ದು ಹೆಂಗಸರ ಆ ದಿನದ ದುಡಿಮೆ ಅರ್ಧ ಹೋಗುತ್ತದೆ. ತಲೆಗೆ 300 ರೂಪಾಯಿ, ಪೂರ್ತಿ ಅವರಿಗೇ. ಸಣ್ಣದು ಯಾವುದು ಅಂತ ಅವರಿಗೆ ಕೈಗೇ ಗೊತ್ತು. ಪೇಟೆಯವರಿಗೆ ಗೊತ್ತಾಗಲಿ ಅಂತ ಒಂದು ಅಳತೆ ಮಾಡಿಕೊಂಡೆವು. ಬೆರಳಿನ ಉಂಗುರದಲ್ಲಿ ತೂರಿದರೆ ಹೊಳೆಗೆ ವಾಪಸ್. ಉಳಿದದ್ದು ರಾತ್ರಿ ಪುಂಡಿಯ (ಅಕ್ಕಿ ಕಡುಬಿನ) ಜೊತೆ. ಆ ನೀರಿಗೆ ಒಮ್ಮೆ ಇಳಿದವರು ಹೊಳೆ ಬದಿಯಲ್ಲಿ ಬಾಟಲಿ ಒಡೆದದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಐದು ವರ್ಷ ಬೋರ್ಡ್ ಹಾಕಿದ್ದರೂ ಇದು ಆಗುತ್ತಿರಲಿಲ್ಲ.

ಗಿರಾಕಿಗಳಿಗೆ ರಾತ್ರಿ ಕಯಾಕ್ (ಸಣ್ಣ ಹುಟ್ಟುದೋಣಿ) ಕೂಡ ಮಾಡಿ ನೋಡಿದ್ದೆ. ಮೀನುಗಾರರು ಕಟ್ಟಿದ ಬಲೆ ಅದಕ್ಕೆ ಸಿಕ್ಕಿ ಹರಿಯಿತು, ಎರಡೂವರೆ ಸಾವಿರ ಕೊಟ್ಟು ಅಲ್ಲಿಗೇ ನಿಲ್ಲಿಸಿದೆ.

‘ಪಡುಬಿದ್ರಿಯ ಹಾಗೆ ಮಾಡಿ’ ಅಂತ ಸುಮಾರು ಜನ ಹೇಳುತ್ತಾರೆ. ಅಲ್ಲಿಗೆ 2020ರಲ್ಲಿ ಸ್ವಚ್ಛ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಬೀಚ್ ನಿಜಕ್ಕೂ ಚೆಂದ ಇದೆ. ಆದರೆ ಅದಕ್ಕೆ 33 ಮಾನದಂಡ, ಸಿಬ್ಬಂದಿ, ದಿನದ ನಿರ್ವಹಣೆ ಎಲ್ಲ ಬೇಕು. ನಮ್ಮದು ಜನ ಸಂಸಾರ ಮಾಡುವ ಊರು, ಸುತ್ತ ಬೇಲಿ ಹಾಕಲಿಕ್ಕಾಗುವುದಿಲ್ಲ. ಇಲ್ಲಿ ಬರುವವರ ಕಸವನ್ನು ಇಲ್ಲಿನವರೇ ಎಣಿಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ಬೋಟುಗಳಿಗೆ ರಜೆ, ಸೈಂಟ್ ಮೇರೀಸ್ ದ್ವೀಪದ ಬೋಟೂ ಇರುವುದಿಲ್ಲ. ಆಗ ಬಾಡಿಗೆ ಅರ್ಧಕ್ಕೆ ಇಳಿಸುತ್ತೇನೆ, ಡೆಪಾಸಿಟ್ ಮಾತ್ರ ಇಳಿಸುವುದಿಲ್ಲ. ಈ ಸಲ ಇನ್ನೂ ಎರಡು ಮನೆಯವರು ಶುರು ಮಾಡಿದ್ದಾರೆ, ಬೇಡ ಅಂದವರಲ್ಲೇ ಒಬ್ಬರು ಸೇರಿ. ಅವರಿಗೆ ಹಳದಿ, ನೀಲಿ ಟೇಪು ಕೊಟ್ಟಿದ್ದೇನೆ. ನೀಲಿಗೆ ಕಪ್ಪು ಮಾರ್ಕರ್ ಕಾಣುವುದಿಲ್ಲ, ಬಿಳಿ ಪೇಂಟ್ ಪೆನ್ ತಗೊಳ್ಳಿ.