ಹೆಡ್ ಬಿಚ್ಚುವ ಮುನ್ನ ಅಳತೆ: ಹಳೇ ಡೀಸೆಲ್ ಎಸ್‌ಯುವಿ, ನನ್ನ ಅನುಭವ

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ಹೊಗೆ ಉಗುಳತೊಡಗಿದರೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು, ‘ಬ್ಯಾಕ್ ಕಂಪ್ರೆಶನ್ ಇದೆ, ಫುಲ್ ಇಂಜಿನ್ ಕೆಲಸ ಆಗ್ಬೇಕು’. ಉರಿದ ಗಾಳಿ ಪಿಸ್ಟನ್ ದಾಟಿ ಇಂಜಿನ್‌ನ ಕೆಳಭಾಗಕ್ಕೆ ನುಗ್ಗುತ್ತಿದೆ ಎಂದರ್ಥ; ಲಕ್ಷ ರೂಪಾಯಿ ಲೆಕ್ಕದ ಮಾತದು. ನಾಲ್ಕು ಸಿಲಿಂಡರಿನ ಕಾಮನ್ ರೈಲ್ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಹೈ ಪ್ರೆಶರ್ ಪೈಪಿನಿಂದ ಪೂರೈಕೆ) ಇಂಜಿನ್‌ಗಳಲ್ಲಿ ನಾನು ಅನುಸರಿಸುವ ಕ್ರಮ ಇಲ್ಲಿದೆ. ಅಳತೆ ಕೈಗೆ ಬರುವ ತನಕ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚಲು ನಾನು ಒಪ್ಪುವುದಿಲ್ಲ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ಸಡಿಲಿಸಿ ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡುತ್ತೇನೆ. ಸ್ವಲ್ಪ ಅದುರುವುದು ಸಹಜ. ಹೊಗೆಯೊಂದಿಗೆ ಕ್ಯಾಪ್ ಎಗರಿ ಬಿದ್ದರೆ ಒಳಗೆ ಒತ್ತಡ ಹೆಚ್ಚಿದೆ ಎಂದರ್ಥ. ಆದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ ಎಂದು ಅಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಇಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೂ, ಟರ್ಬೊದ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಸವೆದ ಸೀಲಿನ ಮೂಲಕ ಆಯಿಲ್ ರಿಟರ್ನ್ ಪೈಪಿಗೆ ಗಾಳಿ ನುಗ್ಗುತ್ತಿದ್ದರೂ ಇದೇ ಲಕ್ಷಣ. ಹಾಗಾಗಿ ಬ್ರೀದರ್ ತೊಳೆದು, ಟರ್ಬೊ ಪರೀಕ್ಷಿಸಿ, ಮತ್ತೆ ನೋಡುತ್ತೇನೆ.

ಆಮೇಲೆ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆಂಬ ಅಳತೆ. ನಾಲ್ಕೂ ಗ್ಲೋ ಪ್ಲಗ್ (ಸಿಲಿಂಡರ್ ಒಳಗೆ ಬಿಸಿ ಮಾಡುವ ಕಡ್ಡಿ) ಬಿಚ್ಚಬೇಕು, ಇಂಜಿನ್ ಬಿಸಿಯಿರುವಾಗಲೇ, ನಿಧಾನವಾಗಿ. ಹಿಡಿದುಕೊಂಡ ಪ್ಲಗ್ಗನ್ನು ಬಲವಂತ ಮಾಡಿ ಮುರಿದರೆ ಹೆಡ್ ಇಳಿಸುವ ಖರ್ಚು ಅಲ್ಲೇ ತಗುಲುತ್ತದೆ. ಇಂಜೆಕ್ಟರ್ ಕನೆಕ್ಟರ್ ತೆಗೆದು, ಪ್ಲಗ್ ತೂತಿಗೆ ಗೇಜ್ ಕೂರಿಸಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಗೇಜ್ ಇಲ್ಲಿ ಸಾಲದು, ಡೀಸೆಲ್ ಗೇಜೇ ಬೇಕು. ಸಾಮಾನ್ಯವಾಗಿ 25ರಿಂದ 30 ಬಾರ್ (ಒತ್ತಡದ ಅಳತೆ) ಆರೋಗ್ಯದ ಗುರುತು, 20ಕ್ಕಿಂತ ಕೆಳಗಿಳಿದರೆ ತೊಂದರೆ. ಆಯಾ ಇಂಜಿನ್‌ನ ನಿಖರ ಮಿತಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ನಾನು ಹೆಚ್ಚು ಗಮನಿಸುವುದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು. ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್ ಹಾಳೆ) ಮೇಲೆ. ಪೆಟ್ರೋಲ್ ಇಂಜಿನ್‌ಗೆ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಪರೀಕ್ಷಿಸಬೇಡಿ: ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ತೀರಾ ಕಡಿಮೆ, ಗೇಜ್ ಸುಳ್ಳು ಹೇಳುತ್ತದೆ, ಆಯಿಲ್ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವೂ ಇದೆ. ಅದರ ಬದಲು ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದ ತುದಿಗೆ ತಂದು 6-7 ಬಾರ್ ಗಾಳಿ ಬಿಟ್ಟು ಕಿವಿಗೊಡುತ್ತೇನೆ. ಆಯಿಲ್ ಬಾಯಿಯಲ್ಲಿ ಜೋರಾಗಿ ಸುಯ್ ಎಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಎಗ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಇನ್‌ಟೇಕ್ ವಾಲ್ವ್, ಕೂಲೆಂಟ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಕಂಪ್ರೆಶನ್ ಸರಿಯಿದ್ದೂ ಇಂಜಿನ್ ಮಿಸ್ ಹೊಡೆದರೆ ಇಂಜೆಕ್ಟರ್ ಲೀಕ್-ಆಫ್ (ಇಂಜೆಕ್ಟರ್‌ನಿಂದ ಮರಳಿ ಹೋಗುವ ಡೀಸೆಲ್) ನೋಡಬೇಕು. ನಾಲ್ಕು ರಿಟರ್ನ್ ಪೈಪಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಐಡ್ಲಿಂಗ್ ಬಿಟ್ಟರೆ, ಸವೆದ ಇಂಜೆಕ್ಟರಿನ ಬಾಟಲಿ ಮೊದಲು ತುಂಬುತ್ತದೆ. ಹೊಸದು ಹಾಕಿದರೆ ತಾಮ್ರದ ವಾಷರ್ ಹೊಸದೇ ಇರಲಿ, ಇಂಜೆಕ್ಟರ್ ಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬರೆಸಿ. ಡೀಸೆಲ್ ಫಿಲ್ಟರ್‌ನಲ್ಲಿ ಲೋಹದ ಮಿನುಗು ಕಂಡರೆ ಹೈ ಪ್ರೆಶರ್ ಪಂಪ್ ಸವೆಯುತ್ತಿದೆ. ಆಗ ಇಂಜೆಕ್ಟರ್ ಮಾತ್ರ ಬದಲಿಸುವುದು ದುಡ್ಡು ದಂಡ. ಪಂಪ್, ರೈಲ್, ಪೈಪ್, ಟ್ಯಾಂಕ್ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ.

ಟರ್ಬೊ ಬದಲಿಸಿದ ಸ್ವಲ್ಪ ದಿನಕ್ಕೇ ಹೊಸದೂ ಹೋಗುವುದನ್ನು ಕಂಡವರು ಬಹಳ. ಕಾರಣ ಹೆಚ್ಚಾಗಿ ಆಯಿಲ್ ಸಾಲದಿರುವುದು. ಇಂಜೆಕ್ಟರ್ ವಾಷರ್ ಸೋರಿದರೆ ಮಸಿ ಆಯಿಲ್‌ಗೆ ಸೇರಿ ಗಟ್ಟಿಯಾಗುತ್ತದೆ, ಸಂಪ್‌ನೊಳಗಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿ ಮತ್ತು ಟರ್ಬೊ ಫೀಡ್ ಪೈಪ್ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಸಂಪ್ ಇಳಿಸಿ ಜಾಲರಿ ತೊಳೆಸುತ್ತೇನೆ, ಫೀಡ್ ಪೈಪ್ ಹೊಸದು ಹಾಕಿಸುತ್ತೇನೆ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ತೆಗೆಯದೆ ಸ್ಟಾರ್ಟ್ ಮಾಡಿದರೆ ಇಂಜಿನ್ ಅದನ್ನೇ ಉರಿಸಿಕೊಂಡು ಕೀ ಆಫ್ ಮಾಡಿದರೂ ನಿಲ್ಲದೆ ಓಡಬಹುದು. ಕೊನೆಗೆ ಟರ್ಬೊ ಆಯಿಲ್ ಬಾಯಿಗೆ ಆಯಿಲ್ ತುಂಬಿ, ಇಂಜಿನ್ ಹತ್ತಿಕೊಳ್ಳದಂತೆ ಸೆಲ್ಫ್ ಹೊಡೆದು ಒತ್ತಡ ಬಂದ ಮೇಲೆ ಸ್ಟಾರ್ಟ್.

ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಬ್ಲಾಕ್ ಟೆಸ್ಟ್ ಮಾಡಿಸಿ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ, ಅದರಲ್ಲಿ ಡೀಸೆಲ್ ಇಂಜಿನ್ ಹೊಗೆ ಇದ್ದರೆ ದ್ರವ ಹಸಿರಾಗುತ್ತದೆ. ಹೆಡ್ ಬಿಚ್ಚಲೇಬೇಕಾದರೆ ಲೇತ್‌ಗೆ ಕಳಿಸುವ ಮುನ್ನ ಮ್ಯಾನ್ಯುಯಲ್ ನೋಡಿ. ಅನೇಕ ಡೀಸೆಲ್ ಹೆಡ್‌ಗಳನ್ನು ಉಜ್ಜಿಸಲು ಕಂಪನಿಯೇ ಒಪ್ಪುವುದಿಲ್ಲ. ಗ್ಯಾಸ್ಕೆಟ್ ದಪ್ಪವನ್ನು ಅಂಚಿನ ಕಚ್ಚುಗಳು ತಿಳಿಸುತ್ತವೆ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜ್‌ನಲ್ಲಿ ಅಳೆದು ಆರಿಸಬೇಕು. ಕೋನ ಲೆಕ್ಕದಲ್ಲಿ ಬಿಗಿಯುವ ಬೋಲ್ಟುಗಳನ್ನು ಎರಡನೇ ಸಲ ಬಳಸುವುದಿಲ್ಲ.

ಎಸ್ಟಿಮೇಟ್ ಬರೆಸುವಾಗ ಪಾರ್ಟ್ಸ್, ಲೇತ್, ಲೇಬರ್ ಬೇರೆಬೇರೆ ಕೇಳಿ. ಪಾರ್ಟ್ ನಂಬರ್ ಸಿಕ್ಕರೆ ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ದರ ವಿಚಾರಿಸಬಹುದು. ಒಟ್ಟು ಮೊತ್ತ ರಿಪೇರಿಯಾದ ಗಾಡಿಯ ಮಾರುಕಟ್ಟೆ ಬೆಲೆಯ ಅರ್ಧ ದಾಟಿದರೆ ಇದ್ದ ಹಾಗೇ ದೋಷ ತಿಳಿಸಿ ಮಾರುವುದು ಮೇಲು ಎಂಬುದು ನನ್ನ ಲೆಕ್ಕ. ಗುಜರಿಯ ಇಂಜಿನ್ ಕೂರಿಸುವುದಾದರೆ ಅದರ ಮೂಲ ದಾಖಲೆ, ಬಿಲ್ ಪಡೆಯಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಹೊಸ ನಂಬರ್ ಆರ್‌ಸಿಯಲ್ಲಿ ಬರಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ರಿಂಗ್, ಬೇರಿಂಗ್ ಕೆಲಸವಾದ ಗಾಡಿಯ ಆಯಿಲ್, ಫಿಲ್ಟರ್ ಎರಡನ್ನೂ ಸಾವಿರ ಕಿಲೋಮೀಟರಿಗೇ ಬದಲಿಸುತ್ತೇನೆ. ಹಳೇ ಫಿಲ್ಟರನ್ನು ಕೊಯ್ದು ಮಡಿಕೆಗಳಲ್ಲಿ ಲೋಹದ ಚೂರು ಇದೆಯೇ ನೋಡಿದ ಮೇಲೆಯೇ ಉಳಿದ ಲೇಬರ್ ಹಣ ಕೊಡುವಂತೆ ಮೊದಲೇ ಮಾತಾಡಿಕೊಂಡಿರುತ್ತೇನೆ.